ನಾರುಹುಣ್ಣಿನ ಊರುಗಳಲ್ಲಿ ಸಾಲಿ ಹುಡುಗರ ಸಾಕ್ಷಿ

ನಮ್ಮ ಕಡೆ ಆಸ್ಪತ್ರೆಗೆ ದವಾಖಾನಿ ಅಂತಾರೆ. ನಿಜಾಮನ ಆಳ್ವಿಕೆ ನಮಗೆ ಬಿಟ್ಟುಹೋದ ಮಾತು ಅದು. ಮಾತು ಬಂತು, ದವಾಖಾನಿ ಬರಲಿಲ್ಲ. ಕೊಪ್ಪಳ, ಯಲಬುರ್ಗಾ ಸೀಮೆ ಸಾಲಾರ್‌ಜಂಗ್ ಮನೆತನದ ಜಹಗೀರಾಗಿತ್ತು. ಕಂದಾಯ ಹೈದರಾಬಾದಿನ ದಾರಿ ಹಿಡಿಯುತ್ತಿತ್ತು, ಜ್ವರ ಬಂದವನು ಇಲ್ಲೇ ಕಂಬಳಿ ಹೊದ್ದು ಮಲಗುತ್ತಿದ್ದ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ರಾಜ್ಯ ಮುಗಿಯಿತು. 1956ರಲ್ಲಿ ಕನ್ನಡ ನಾಡಿನೊಳಗೆ ಬಂದೆವು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕು ಸೇರಿ ಒಂದು ಜಿಲ್ಲೆಯಾಯಿತು. ಈಗ ಅವೇ ಒಡೆದು ಏಳು ತಾಲ್ಲೂಕಾಗಿವೆ. ಗಡಿ ಗೆರೆಗಳ ಈ ಚರಿತ್ರೆಯನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಾವು ಹೇಳಹೊರಟದ್ದು ಕಾಲಿನ ಚರಿತ್ರೆ.

ನಮ್ಮ ಅಜ್ಜಿಯರ ಕಾಲನ್ನು ನೋಡಿದವರಿಗೆ ಗೊತ್ತು. ಹರಡಿನ ಹತ್ತಿರ, ಮೀನಖಂಡದ ಕೆಳಗೆ ಸುಟ್ಟ ಗಾಯದ ಹಾಗೆ ಒಂದು ಬಿಳಿ ಕಲೆ. "ಏನವ್ವಾ ಇದು?" ಅಂದರೆ, "ನಾರು ಹೊಂಟಿತ್ತಪ್ಪಾ, ಬ್ಯಾಸಗ್ಯಾಗ ಎರಡು ತಿಂಗಳ ಎದ್ದಿದ್ದಿಲ್ಲ" ಅಂತಾರೆ. ನಾರು ಅಂದರೆ ನಾರುಹುಣ್ಣು. ಮೊಳದುದ್ದಕ್ಕೂ ಮಿಕ್ಕ, ದಾರದ ಹಾಗಿನ ಹುಳ. ಸುಮಾರು ಒಂದು ವರ್ಷ ಮೈಯೊಳಗಿದ್ದು ಕಾಲಲ್ಲಿ ಬೊಬ್ಬೆ ಎಬ್ಬಿಸಿ ಹೊರಗೆ ತಲೆ ಹಾಕುತ್ತದೆ. ಅದನ್ನು ಎಳೆದು ಹರಿದರೆ ಒಳಗೆ ಕೀವು. ಅದಕ್ಕೇ ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಎರಡು ಬೆರಳಷ್ಟು ಹೊರಗೆ ತೆಗೆಯುವುದು. ಔಷಧಿ ಇಲ್ಲ, ಚುಚ್ಚುಮದ್ದು ಇಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ರೋಗ ಹೋಯಿತು, ಔಷಧಿ ಬರಲೇ ಇಲ್ಲ. ಇಂಥ ರೋಗ ಹೋದದ್ದು ಹೇಗೆ ಎಂಬುದು ಕೇಳಬೇಕಾದ ಕಥೆ.

ಹುಳ ಹಬ್ಬುವ ಬಗೆ ಸರಳ. ಬೊಬ್ಬೆ ಎದ್ದ ಕಾಲು ಉರಿಯುತ್ತದೆ, ಉರಿಯುವ ಕಾಲು ನೀರು ಹುಡುಕುತ್ತದೆ. ನೀರಿಗೆ ಇಳಿದ ಕೂಡಲೇ ಹುಳ ಸಾವಿರಾರು ಮರಿ ಚೆಲ್ಲುತ್ತದೆ. ಅವನ್ನು ಸೈಕ್ಲಾಪ್ಸ್ ಎಂಬ ಕಣ್ಣಿಗೆ ಕಂಡೂ ಕಾಣದಂಥ ನೀರಹುಳ ನುಂಗುತ್ತದೆ. ಆ ನೀರು ಕುಡಿದವನ ಕಾಲಲ್ಲಿ ಮುಂದಿನ ಬೇಸಿಗೆಗೆ ನಾರು. ರಷ್ಯಾದ ಫೆಡ್‌ಚೆಂಕೋ 1870ರ ಸುಮಾರಿಗೇ ಸೈಕ್ಲಾಪ್ಸಿನ ಪಾತ್ರವನ್ನು ಪತ್ತೆ ಮಾಡಿದ್ದ. ಮಧ್ಯ ಏಷ್ಯಾದ ಬುಖಾರಾ ಪಟ್ಟಣದಲ್ಲಿ ಮೆಟ್ಟಿಲು ಕಟ್ಟಿದ ಕೊಳಗಳಿದ್ದವು, ಅವಕ್ಕೆ ಹೌಜ್ ಅನ್ನುತ್ತಿದ್ದರು. (ನಮ್ಮಲ್ಲಿ ನೀರಿನ ತೊಟ್ಟಿಗೆ ಹೌದು ಅಂತಾರಲ್ಲ, ಅದೇ ಮಾತು.) ಸೋವಿಯತ್ ವೈದ್ಯರು ಅವನ್ನು ಬತ್ತಿಸಿ, ಶುದ್ಧಿ ಮಾಡಿ, 1930ರ ದಶಕದ ಆರಂಭದ ಹೊತ್ತಿಗೆ ರೋಗವನ್ನೇ ಅಳಿಸಿದರು. ಅದೇ ದಶಕದಲ್ಲಿ ಮೈಸೂರು ಸಂಸ್ಥಾನದ ವಿ.ಎನ್. ಮೂರ್ತಿ ಎಂಬವರು ಚಿತ್ರದುರ್ಗ ಜಿಲ್ಲೆಯ ಬಾವಿಗಳಿಗೆ ಸೈಕ್ಲಾಪ್ಸ್ ತಿನ್ನುವ ಮೀನು ಬಿಟ್ಟು ಪ್ರಯೋಗ ಮಾಡಿದರು. ಅಂದರೆ ಅರಿವು ಚಿತ್ರದುರ್ಗದವರೆಗೆ ಬಂದಿತ್ತು. ತುಂಗಭದ್ರೆ ದಾಟಿ ನಮ್ಮ ಕಡೆ ಬರಲು ಅದಕ್ಕೆ ಇನ್ನೂ ಐವತ್ತು ವರ್ಷ ಬೇಕಾಯಿತು.

ಇಲ್ಲಿ ಒಂದು ಮಾತನ್ನು ನಿಲ್ಲಿಸಿ ಕೇಳಬೇಕು. ಮೆಟ್ಟಿಲು ಬಾವಿಗೆ ಇಳಿಯುತ್ತಿದ್ದ ಕಾಲು ಯಾರದು?

ನಮ್ಮ ಕಾಲಲ್ಲ. ನಮ್ಮ ಕೇರಿಯ ಹೆಂಗಸರು ಬಾವಿಯ ದಡದ ಮೇಲೆ ಕೊಡ ಇಟ್ಟು ದೂರ ನಿಲ್ಲುತ್ತಿದ್ದರು. ಇಳಿದು ಬಂದವರು ಕರುಣೆ ಬಂದರೆ ಎತ್ತರದಿಂದ ನೀರು ಸುರಿಯುತ್ತಿದ್ದರು, ಬರದಿದ್ದರೆ ಇಲ್ಲ. ಬಿಸಿಲು ಏರಿದರೂ ಕಾಯಬೇಕು. ಹಿರಿಯರು ಇದನ್ನು ಹೇಳುವಾಗ ಸಿಟ್ಟೂ ಮಾಡುವುದಿಲ್ಲ. "ಹಂಗಿತ್ತಪ್ಪಾ" ಅಂತಾರೆ ಅಷ್ಟೆ. ಮುಟ್ಟಿದರೆ ನೀರು ಕೆಡುತ್ತದೆ ಅಂತ ನಮ್ಮನ್ನು ದೂರ ನಿಲ್ಲಿಸಿದರು. ಆ ನೀರನ್ನು ಕೆಡಿಸಿದ್ದು ಮಾತ್ರ ಇಳಿಯುವ ಹಕ್ಕಿದ್ದ ಕಾಲುಗಳು. ವಿಜ್ಞಾನದ ಲೆಕ್ಕ ಇಷ್ಟು ಸ್ಪಷ್ಟ. ಮಡಿಯವರ ಕಾಲಿನಿಂದ ಇಳಿದ ಹುಳ ಅವರೇ ಸುರಿದ ನೀರಿನಲ್ಲಿ ನಮ್ಮ ಕೊಡಕ್ಕೆ ಬಂತು, ನಮ್ಮ ಹೊಟ್ಟೆಗೆ ಬಂತು. ಆಮೇಲೆ ಹೇಳಿದ್ದು ಏನು? "ಕೇರಿ ಮಂದಿ ಹೊಲಸು, ಅದಕ್ಕೇ ಅವರಿಗೆ ಹುಣ್ಣು."

ಎಲ್ಲ ಊರಲ್ಲೂ ಹೀಗೇ ಇತ್ತು ಎಂದು ನಾವು ಹೇಳುವುದಿಲ್ಲ. ಕೆಲವು ಕಡೆ ನಮ್ಮವರು ಹಳ್ಳದ ಮರಳು ತೋಡಿ ಒರತಿ ನೀರು ಕುಡಿದರು. ಮರಳು ಸೋಸಿದ ನೀರಿನಲ್ಲಿ ಸೈಕ್ಲಾಪ್ಸ್ ಇರುವುದು ಕಷ್ಟ. ಹಾಗಾಗಿ ಅಸ್ಪೃಶ್ಯತೆಯೇ ಕೆಲವರನ್ನು ನಾರಿನಿಂದ ಉಳಿಸಿರಲೂಬಹುದು. ಈ ಮಾತನ್ನು ಹಿಡಿದು ಯಾರಾದರೂ ಜಾತಿಗೂ ಒಂದು ಆರೋಗ್ಯಶಾಸ್ತ್ರ ಇತ್ತು ಎಂದು ಪ್ರಬಂಧ ಬರೆಯಲು ಕೂತಾರು, ಅಂಥವರಿಗೆ ಈ ದೇಶದಲ್ಲಿ ಬರ ಇಲ್ಲ. ಅವರು ಮೊದಲು ಚೈತ್ರದ ಬಿಸಿಲಲ್ಲಿ ಒರತಿಯ ಮುಂದೆ ಕೂತು, ತೆಂಗಿನ ಚಿಪ್ಪಿನಲ್ಲಿ ಒಂದು ಕೊಡ ತುಂಬಿಸಿ ನೋಡಲಿ.

ನೀರು, ಮಗು, ಸಾಲಿ ಈ ಮೂರೂ ಸೇರಿದಲ್ಲಿ ಬಾಬಾಸಾಹೇಬರು ನೆನಪಾಗದೆ ಇರುವುದು ಹೇಗೆ? ಸಾಲಿಯಲ್ಲಿ ಜವಾನ ಬಂದು ನಳ ತಿರುಗಿಸದ ಹೊರತು ಬಾಲಕ ಅಂಬೇಡ್ಕರರಿಗೆ ನೀರಿರಲಿಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಕೆರೆಯ ನೀರು ಮುಟ್ಟಿದರು. 1934ರಲ್ಲಿ ಇದೇ ನಿಜಾಮನ ಸಂಸ್ಥಾನದ ದೌಲತಾಬಾದ್ ಕೋಟೆಯಲ್ಲಿ, ಹೊಂಡದ ನೀರಲ್ಲಿ ಮುಖ ತೊಳೆದದ್ದಕ್ಕೆ ಅವರನ್ನೂ ಜೊತೆಯವರನ್ನೂ ಸುತ್ತುಗಟ್ಟಿ ಬೈದರು. ಬೈದವರು ಹಿಂದೂಗಳಲ್ಲ ಎಂಬುದನ್ನೂ ಅವರು ಬರೆದಿಟ್ಟಿದ್ದಾರೆ. ನಮ್ಮ ಊರಿನ ಬಾವಿಗಳು ಆ ಸಂಸ್ಥಾನದ್ದೇ ಬಾವಿಗಳು.

ಈಗ ಸಾಲಿ ಹುಡುಗರ ಕಥೆಗೆ ಬರೋಣ.

ಸಿಡುಬು ನಿರ್ಮೂಲನದ ಕೊನೆಯ ವರ್ಷಗಳಲ್ಲಿ ಆರೋಗ್ಯ ಇಲಾಖೆಯವರು ಒಂದು ಉಪಾಯ ಕಂಡುಕೊಂಡರು. ಊರಿಗೆ ಹೋಗಿ ಗೌಡನನ್ನೋ ಕುಲಕರ್ಣಿಯನ್ನೋ ಕೇಳಿದರೆ "ನಮ್ಮೂರಾಗ ಏನೂ ಇಲ್ಲ ಸಾಹೇಬ್ರ" ಎಂಬ ಉತ್ತರ. ಸಾಲಿಗೆ ಹೋಗಿ ಹುಳುಕು ಮೋರೆಯ ಕೂಸಿನ ಚಿತ್ರದ ಕಾರ್ಡು ತೋರಿಸಿ "ಇಂಥದ್ದು ಯಾರ ಮನ್ಯಾಗ ಐತಿ?" ಎಂದು ಕೇಳಿದರೆ ಹುಡುಗರು ಕೈ ಎತ್ತುತ್ತಿದ್ದರು. ಹುಡುಗರಿಗೆ ಎಲ್ಲ ಓಣಿಯೂ ಗೊತ್ತು, ಮುಚ್ಚಿಡುವ ಮರ್ಯಾದೆಯ ಭಾರ ಇನ್ನೂ ಹೆಗಲಿಗೆ ಬಿದ್ದಿರುವುದಿಲ್ಲ. ದೇಶದಲ್ಲಿ ಕೊನೆಯ ಸಿಡುಬು 1975ರಲ್ಲಿ ಕಂಡಿತು. 1983-84ರಲ್ಲಿ ದಿಲ್ಲಿಯ ಸಾಂಕ್ರಾಮಿಕ ರೋಗಗಳ ಸಂಸ್ಥೆ ನಾರುಹುಣ್ಣಿನ ನಿರ್ಮೂಲನ ಕಾರ್ಯಕ್ರಮ ಸುರು ಮಾಡಿದಾಗ ಕೈಗೆ ಸಿದ್ಧವಿದ್ದದ್ದು ಈ ಹುಡುಕಾಟದ ವಿದ್ಯೆಯೇ. ಆಗ ದೇಶದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಸುಮಾರು 40 ಸಾವಿರ ಮಂದಿಗೆ ನಾರು ಇತ್ತು. ಆಂಧ್ರ, ಮಹಾರಾಷ್ಟ್ರ, ಗುಜರಾತ, ಮಧ್ಯಪ್ರದೇಶ, ರಾಜಸ್ಥಾನ, ಮತ್ತು ಕರ್ನಾಟಕ. ಕರ್ನಾಟಕದಲ್ಲಿ ಎಂದರೆ ಮುಖ್ಯವಾಗಿ ನಮ್ಮ ಈ ಒಣ ಸೀಮೆ: ರಾಯಚೂರು, ಗುಲಬರ್ಗಾ, ಬಿಜಾಪುರ.

ಮಾಡಿದ ಕೆಲಸ ದೊಡ್ಡ ಯಂತ್ರದ್ದಲ್ಲ. ಮನೆಮನೆ ಹುಡುಕಾಟ. ಮೆಟ್ಟಿಲು ಬಾವಿಗೆ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡುವುದು. ನೀರಿಗೆ ಟೆಮಿಫಾಸ್ ಎಂಬ ಔಷಧಿ ಹಾಕಿ ಸೈಕ್ಲಾಪ್ಸ್ ಕೊಲ್ಲುವುದು. ಸಣ್ಣ ಕಣ್ಣಿನ ಬಟ್ಟೆಯಲ್ಲಿ ನೀರು ಸೋಸುವುದು. ಬೋರಿಂಗ್ ಕೊರೆದು ಕೈಪಂಪು ಹಾಕುವುದು. ಹುಣ್ಣಿದ್ದವನನ್ನು ನೀರಿಗಿಳಿಯದಂತೆ ತಡೆಯುವುದು. ಅಷ್ಟೇ. 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರದ ಕಡೆ ಕೊನೆಯ ರೋಗಿ ಕಂಡ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣಿನಿಂದ ಮುಕ್ತ ಎಂದಿತು. ನಾವು ಆ ಹೊತ್ತಿಗೆ ಹುಟ್ಟಿದವರು. ನಮ್ಮ ಕಾಲಿನ ಮೇಲೆ ಆ ಕಲೆ ಇಲ್ಲ. ಇದನ್ನು ಸಾಧನೆ ಅನ್ನಲು ನಾವು ಹಿಂದೆಮುಂದೆ ನೋಡುವುದಿಲ್ಲ. ಬಂಡಾಯದವರು ಎಂದ ಕೂಡಲೇ ಸರಕಾರ ಮಾಡಿದ್ದೆಲ್ಲ ಸುಳ್ಳು ಎನ್ನಬೇಕಾಗಿಲ್ಲ.

ಆದರೆ ಒಂದು ಗಮನಿಸಿ. ಮೆಟ್ಟಿಲು ಮುಚ್ಚಿ ಸೇದುವ ಬಾವಿಯಾದ ದಿನ ಎಲ್ಲರೂ ದಡದ ಮೇಲೆ ನಿಂತರು. ಜಾತಿಯ ಮೆಟ್ಟಿಲು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಹಗ್ಗ ಯಾರದು, ರಾಟಿ ಯಾರು ಮುಟ್ಟಬೇಕು ಎಂಬ ಹೊಸ ತಕರಾರು ಹುಟ್ಟಿತು. ಕೈಪಂಪು ಬಂದಾಗಲೂ ಮೊದಲು ಒತ್ತುವವರು ಯಾರು, ಆಮೇಲೆ ತೊಳೆಯುವವರು ಯಾರು ಎಂಬ ಲೆಕ್ಕ. ಹುಳವನ್ನು ಹುಡುಕಲು ಕೇರಿಗೂ ಬಂದ ಸರಕಾರ, ಈ ಲೆಕ್ಕ ಹುಡುಕಲು ಬರಲಿಲ್ಲ. ಅದನ್ನೂ ಸಾಲಿ ಹುಡುಗರನ್ನು ಕೇಳಿದ್ದರೆ ಕೈ ಎತ್ತಿ ಹೇಳುತ್ತಿದ್ದರು.

ಬೋರಿಂಗ್ ಇನ್ನೊಂದನ್ನೂ ತಂದಿತು. ನಮ್ಮದು ಕಲ್ಲಿನ ನೆಲ. ಕುಷ್ಟಗಿ, ಯಲಬುರ್ಗಾ ಕಡೆ ಆಳಕ್ಕೆ ಹೋದಷ್ಟೂ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದು ಅನ್ನುತ್ತಾರೆ, ಇಲ್ಲಿ ಎಷ್ಟೋ ಊರುಗಳಲ್ಲಿ ಅದು ಮೀರಿದೆ. ಕಾಲಿನ ಕಲೆ ಹೋಗಿ ಹಲ್ಲಿನ ಕಲೆ ಬಂತು. ಅಜ್ಜಿಯ ಹರಡಿನ ಬಿಳಿ ಗುರುತು, ಮೊಮ್ಮಗಳ ಹಲ್ಲಿನ ಕಂದು ಗುರುತು, ಈ ಎರಡನ್ನೂ ಒಂದೇ ಪಡಸಾಲೆಯಲ್ಲಿ ನೋಡಬಹುದು. ಹಲ್ಲಿನ ಈ ರೋಗವನ್ನು ಅಳೆಯುವುದೂ ಸಾಲಿಯಲ್ಲೇ. ಡಾಕ್ಟರು ಬಂದು "ಬಾಯಿ ತೆಗಿ" ಅಂತಾರೆ, ಎಣಿಸಿಕೊಂಡು ಹೋಗುತ್ತಾರೆ. ಕೇಂದ್ರ ಸರಕಾರದ ಫ್ಲೋರೋಸಿಸ್ ಕಾರ್ಯಕ್ರಮ 2008-09ರಲ್ಲಿ ಸುರುವಾಯಿತು. ಹುಡುಗರು ಬಾಯಿ ತೆಗೆದರು. ಬಾಯಿ ತೆಗೆದದ್ದು ಹಲ್ಲು ತೋರಿಸಲಿಕ್ಕೆ ಮಾತ್ರ, ಮಾತಾಡಲಿಕ್ಕೆ ಯಾರೂ ಬಿಡಲಿಲ್ಲ.

ನಮ್ಮ ತಕರಾರಿನ ಮೂಲ ಇದೇ. 1946ರ ಭೋರ್ ಸಮಿತಿಯ ವರದಿಯಲ್ಲಿಯೇ ಹಳ್ಳಿಯ ಜನರ ಆರೋಗ್ಯ ಸಮಿತಿಯ ಮಾತಿದೆ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಬಂತು, ಅದರ ಜೊತೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು. 1978ರಲ್ಲಿ ಆಲ್ಮಾ ಆಟಾ ಎಂಬ ಊರಿನಲ್ಲಿ ಜಗತ್ತಿನ ಸರಕಾರಗಳೆಲ್ಲ ಸೇರಿ ಆರೋಗ್ಯ ಜನರ ಹಕ್ಕು ಎಂದವು. ಅದರ ಮರುವರ್ಷ ಅಂತರರಾಷ್ಟ್ರೀಯ ಮಕ್ಕಳ ವರ್ಷ. ಲಂಡನ್ನಿನ ಡಾ. ಡೇವಿಡ್ ಮಾರ್ಲೆ ಮತ್ತು ಜೊತೆಗಾರರು ಮಗುವಿನಿಂದ ಮಗುವಿಗೆ ಎಂಬ ಹೊಸ ದಾರಿ ತೆರೆದರು. ದೊಡ್ಡ ಹುಡುಗಿ ಚಿಕ್ಕವನನ್ನು ಕಂಕುಳಲ್ಲಿ ಹೊತ್ತು ತಿರುಗುವುದು ಬಡ ದೇಶಗಳಲ್ಲಿ ಇದ್ದದ್ದೇ. ಹಾಗಾದರೆ ಆ ಹುಡುಗಿಗೇ ಭೇದಿಗೆ ಉಪ್ಪು ಸಕ್ಕರೆ ನೀರು ಮಾಡುವುದು ಕಲಿಸೋಣ ಎಂಬ ವಿಚಾರ. ಒಳ್ಳೆಯ ವಿಚಾರ. ಆದರೆ ಕಂಕುಳ ಕೂಸಿನ ದೆಸೆಯಿಂದ ಸಾಲಿ ಬಿಟ್ಟ ಹುಡುಗಿಗೆ ಕೂಸು ಹೊರುವುದನ್ನೇ ಚೆನ್ನಾಗಿ ಕಲಿಸಿದರೆ ಸಾಕೇ ಎಂಬ ಪ್ರಶ್ನೆಯೂ ಉಳಿಯುತ್ತದೆ.

ಮಕ್ಕಳನ್ನು ಸೇರಿಸಿಕೊಳ್ಳುತ್ತೇವೆ ಎಂದು ಯಾರಾದರೂ ಹೇಳಿದಾಗ ನಮ್ಮ ಕೇರಿಯವರು ಹೆದರುವುದಕ್ಕೆ ಕಾರಣವಿದೆ. ಸ್ವಚ್ಛತಾ ಸಪ್ತಾಹ ಬಂದರೆ ಪೊರಕೆ ಯಾರ ಕೈಗೆ ಬರುತ್ತದೆ, ಬಾವುಟ ಯಾರ ಕೈಗೆ ಬರುತ್ತದೆ ಎಂದು ನಾವು ಸಾಲಿಯಲ್ಲೇ ಕಂಡಿದ್ದೇವೆ. ನಾವು ಓದಿದ ಸಾಲಿಯೊಂದರಲ್ಲಿ ಪಾಯಖಾನೆಗೆ ನೀರು ಹೊರುವ ಪಾಳಿ ಎಲ್ಲರ ಹೆಸರಲ್ಲೂ ಬರೆದಿರುತ್ತಿತ್ತು, ಹೊರುವ ಹುಡುಗರು ಮಾತ್ರ ಯಾವಾಗಲೂ ನಮ್ಮ ಓಣಿಯವರೇ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ನಾಡೆಲ್ಲ ಓದಿತು. ಅದೂ ಒಂದು ರೀತಿಯಲ್ಲಿ ಮಕ್ಕಳನ್ನು ಸೇರಿಸಿಕೊಂಡದ್ದೇ!

ಇನ್ನು ಸಮುದಾಯ ಆರೋಗ್ಯ ಕೇಂದ್ರ. ಕಾಗದದ ಮೇಲೆ ಅದಕ್ಕೆ 30 ಹಾಸಿಗೆ. ಸುಮಾರು 1 ಲಕ್ಷ 20 ಸಾವಿರ ಜನಕ್ಕೆ ಒಂದು. ಶಸ್ತ್ರಚಿಕಿತ್ಸೆಯವರು, ಹೆರಿಗೆಯವರು, ಮಕ್ಕಳ ಡಾಕ್ಟರು, ಸಾಮಾನ್ಯ ತಜ್ಞರು ಇರಬೇಕು. ಕೇಂದ್ರ ಸರಕಾರದ 2021-22ರ ಅಂಕಿಯಂತೆಯೇ ದೇಶದ ಗ್ರಾಮೀಣ ಸಮುದಾಯ ಕೇಂದ್ರಗಳಲ್ಲಿ ಬೇಕಾದ ತಜ್ಞರ ಪೈಕಿ ಐದರಲ್ಲಿ ನಾಲ್ಕು ಪಾಲು ಇರಲಿಲ್ಲ. ಇದು ಎಲ್ಲರ ದುಃಖ. ನಮ್ಮ ದುಃಖ ಆ ಹೆಸರಿನಲ್ಲೇ ಇದೆ. ನಮ್ಮ ಊರುಗಳಲ್ಲಿ ಸಮುದಾಯ ಎಂದರೆ ಏನು? ಸಮುದಾಯ ಭವನಗಳನ್ನು ನೋಡಿ. ಆ ಸಮುದಾಯಕ್ಕೆ ಒಂದು, ಈ ಸಮುದಾಯಕ್ಕೆ ಒಂದು. ಶಾಸಕರ ಅನುದಾನದಲ್ಲಿ ಜಾತಿಗೊಂದು ಭವನ ಎದ್ದಿದೆ, ಸಮುದಾಯ ಎಂದರೆ ಜಾತಿ ಎಂದೇ ಊರು ಅರ್ಥ ಮಾಡಿಕೊಂಡಿದೆ. ಹಾಗಿದ್ದ ಮೇಲೆ ಸಮುದಾಯ ಆರೋಗ್ಯ ಕೇಂದ್ರದ ಸಮುದಾಯ ಯಾವುದು?

2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ನಮ್ಮ ಒಂದು ಪುಟ್ಟ ಕೂಸು ಹನುಮಪ್ಪನ ಗುಡಿಯೊಳಗೆ ಓಡಿತು. ಶುದ್ಧಿಯ ಹೆಸರಿನಲ್ಲಿ ತಂದೆತಾಯಿಗೆ 25 ಸಾವಿರ ರೂಪಾಯಿ ದಂಡ ಕೇಳಿದರು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳಿಗೆ ನಮ್ಮವರು ಹೋಗುವ ಹಾಗಿರಲಿಲ್ಲ, 2014ರ ಆಗಸ್ಟ್ 28ರಂದು ಕೇರಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದೆ ಅವರಲ್ಲಿ ಬಹುಪಾಲು ಮಂದಿಗೆ ಹೈಕೋರ್ಟಿನಲ್ಲಿ ಜಾಮೀನಾಯಿತು. ಕ್ಷೌರದ ಕುರ್ಚಿಗೆ ಇಷ್ಟು ರಗಳೆಯಾದ ಊರುಗಳಲ್ಲಿ ದವಾಖಾನಿಯ ಬೆಂಚು ತಾನಾಗಿ ಎಲ್ಲರದ್ದಾಗುತ್ತದೆ ಎಂದು ನಂಬುವುದು ಹೇಗೆ?

ಕೇಳಬೇಕಾದವರನ್ನು ಕೇಳಿದ ಒಂದು ಉದಾಹರಣೆ ಇದೆ. ಸಂಘಮಿತ್ರಾ ಆಚಾರ್ಯ ಎಂಬ ವಿದ್ವಾಂಸರು ಗುಜರಾತ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ದಲಿತ ಮಕ್ಕಳನ್ನೇ ಕೂರಿಸಿ ಕೇಳಿದರು. 2010ರಲ್ಲಿ ಅದು ಪ್ರಕಟವಾಯಿತು. ಔಷಧಿಯನ್ನು ಕೈಗೆ ಕೊಟ್ಟರೋ ಮೇಲಿಂದ ಹಾಕಿದರೋ, ನಾಡಿ ಹಿಡಿದರೋ ದೂರದಿಂದಲೇ ನೋಡಿದರೋ, ಎಷ್ಟು ಹೊತ್ತು ಮಾತಾಡಿಸಿದರು, ಎಷ್ಟು ಹೊತ್ತು ಕಾಯಿಸಿದರು ಎಂದು ಮಕ್ಕಳು ಒಂದೊಂದಾಗಿ ಹೇಳಿದರು. ಬಹುತೇಕ ಎಲ್ಲ ಮಕ್ಕಳಿಗೂ ಹೇಳಲಿಕ್ಕೆ ಏನೋ ಇತ್ತು. ಎತ್ತರದಿಂದ ಸುರಿದ ನೀರು, ಎತ್ತರದಿಂದ ಬೀಳಿಸಿದ ಗುಳಿಗೆ. ಎರಡರ ನಡುವೆ ಅರ್ಧ ಶತಮಾನ.

ನಮ್ಮ ಸೀಮೆಯ ಹುಡುಗರು ಕೇಳದೆಯೂ ಮಾತಾಡಿದ್ದಾರೆ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಸುರುವಾದದ್ದು ನಮ್ಮಂಥ ಹಿಂದುಳಿದ ಜಿಲ್ಲೆಗಳಲ್ಲಿ. 2021ರ ಡಿಸೆಂಬರಿನಲ್ಲಿ ಕೊಪ್ಪಳವೂ ಸೇರಿ ಏಳು ಜಿಲ್ಲೆಗಳ ಸಾಲಿಗಳಲ್ಲಿ ಮೊಟ್ಟೆ ಕೊಡಲು ಸರಕಾರ ಮುಂದಾದಾಗ ಕೆಲವು ಮಠಾಧೀಶರು ಬೇಡವೆಂದರು. ಆಗ ಗಂಗಾವತಿಯ ಒಬ್ಬ ವಿದ್ಯಾರ್ಥಿನಿ ಮೈಕು ಹಿಡಿದು, ನಮಗೆ ಮೊಟ್ಟೆ ಬೇಕು, ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬ ಅರ್ಥದಲ್ಲಿ ನೇರ ಹೇಳಿದಳು. ನಾಡಿನ ದೊಡ್ಡ ದೊಡ್ಡ ಸಾಹಿತಿಗಳು ಒಂದು ಕಡೆ ಇನ್ನೊಂದು ಕಡೆ ತೂಗಿಸಿ ಮಾತಾಡುತ್ತಿದ್ದ ಹೊತ್ತು ಅದು. ಮರುವರ್ಷ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು. ಅವಳೊಬ್ಬಳಿಂದಲೇ ಬಂತು ಎಂದು ನಾವು ಹೇಳುವುದಿಲ್ಲ. ಆದರೆ ಹಸಿದ ಹೊಟ್ಟೆಯವರನ್ನು ಬಿಟ್ಟು ಎಲ್ಲರೂ ಹೊಟ್ಟೆಯ ಬಗ್ಗೆ ಮಾತಾಡುವ ರೂಢಿಯನ್ನು ಅವಳು ಒಂದು ನಿಮಿಷದಲ್ಲಿ ಮುರಿದಳು.

ಕಾನೂನಿನಲ್ಲಿ ದಾರಿ ಇಲ್ಲದೆ ಇಲ್ಲ. ಉಡುಪಿ ಕಡೆಯ ಕೆರಾಡಿಯಂಥ ಊರುಗಳಲ್ಲಿ ದುಡಿಯುವ ಮಕ್ಕಳ ಸಂಘಟನೆಯಿಂದ ಹುಟ್ಟಿದ ಮಕ್ಕಳ ಪಂಚಾಯ್ತಿ, ಆಮೇಲೆ ಮಕ್ಕಳ ಗ್ರಾಮಸಭೆ, 2006ರಿಂದೀಚೆಗೆ ರಾಜ್ಯದ ಎಲ್ಲ ಗ್ರಾಮ ಪಂಚಾಯ್ತಿಗಳೂ ನಡೆಸಬೇಕಾದ ಸಭೆಯಾಯಿತು. ಬಹಳ ಕಡೆ ಅದು ಸಮವಸ್ತ್ರದ ಹುಡುಗರನ್ನು ಸಾಲಾಗಿ ಕೂರಿಸಿ ಭಾಷಣ ಮಾಡಿ ಬಿಸ್ಕೀಟು ಹಂಚುವ ಸಭೆ. ಆದರೂ ಬರೆದುಕೊಂಡದ್ದು ನಡಾವಳಿಯಲ್ಲಿ ಉಳಿಯುತ್ತದೆ. ಅದನ್ನು ನಾವು ಬಿಡಬಾರದು ಎಂದುಕೊಂಡೆವು.

ಕಳೆದ ಬೇಸಿಗೆಯಲ್ಲಿ ನಾವು ನಾಲ್ಕು ಮಂದಿ ಗೆಳೆಯರು ನಮ್ಮ ಹುಡುಗರನ್ನು ಕೂಡಿಸಿದೆವು. ಊರಿಗೆ ದವಾಖಾನಿಯ ಕಟ್ಟಡ ಬರುತ್ತದೆ ಎಂಬ ಮಾತು ಹಬ್ಬಿತ್ತು. ಜಾಗ ಯಾವುದು ಎಂದು ಹಿರಿಯರು ಆಗಲೇ ತೀರ್ಮಾನ ಮಾಡಿದ್ದರು: ಗುಡಿಯ ಹಿಂದೆ, ದಾನಿಗಳೊಬ್ಬರ ಹೊಲ. ಹುಡುಗರ ಕೈಗೆ ಸುಣ್ಣದ ತುಂಡು ಕೊಟ್ಟು ಸಾಲಿಯ ಅಂಗಳದಲ್ಲಿ ಊರು ಬರೆಯಿರಿ ಎಂದೆವು. ಕೇರಿಯವರೂ ಊರವರೂ ಕೂಡಿ ಇಪ್ಪತ್ತಕ್ಕೂ ಹೆಚ್ಚು ಹುಡುಗರು. ಮೊದಲು ಸಾಲಿ ಬರೆದರು, ಆಮೇಲೆ ಗುಡಿ, ಬಸ್ಸು ನಿಲ್ಲುವ ಕಟ್ಟೆ, ನೀರಿನ ಟಾಕಿ. ಮುಚ್ಚಿಹೋದ ಹಳೇ ಮೆಟ್ಟಿಲು ಬಾವಿಯನ್ನೂ ಬರೆದರು. "ಇದು ಯಾಕ?" ಅಂದರೆ "ನಮ್ಮಜ್ಜಿ ಅಲ್ಲಿ ನಿಲ್ತಿದ್ಲಂತ್ರಿ" ಎಂದ ಒಬ್ಬ, ನಿಂತಿದ್ದ ಜಾಗಕ್ಕೇ ಒಂದು ಚುಕ್ಕಿ ಇಟ್ಟ. ಆಮೇಲೆ ಒಬ್ಬಾಕಿ ಹೆಜ್ಜೆ ಎಣಿಸೋಣ ಎಂದಳು. ಪ್ರತಿ ಓಣಿಯಿಂದ ಆ ಹೊಲಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿ ಬಂದರು. ಗೌಡರ ಓಣಿಯಿಂದ ಕಡಿಮೆ, ನಮ್ಮ ಓಣಿಯಿಂದ ಹೆಚ್ಚು ಎಂಬುದು ನಮಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದೊಂದನ್ನು ಅವರು ತಂದರು: ಬಾಣಂತಿ, ಮುಟ್ಟಾದವರು, ಕೇರಿಯವರು ಗುಡಿಯ ಮುಂದೆ ಹಾಯುವುದಿಲ್ಲ, ಸುತ್ತಿ ಹೋಗುತ್ತಾರೆ. ಆ ಸುತ್ತಿನ ಹೆಜ್ಜೆಯನ್ನೂ ಎಣಿಸಿದ್ದರು. ಹೆರಿಗೆ ನೋವಿನಲ್ಲಿ ನಡೆಯುವ ಹೆಂಗಸಿಗೆ ಗುಡಿಯಿಂದಾಗಿ ಎಷ್ಟು ದೂರ ಹೆಚ್ಚಾಗುತ್ತದೆ ಎಂಬ ಲೆಕ್ಕ ಯಾವ ಎಂಜಿನಿಯರನ ನಕ್ಷೆಯಲ್ಲೂ ಇರಲಿಕ್ಕಿಲ್ಲ.

ಊರ ಹುಡುಗರೂ ಸೇರಿಯೇ ಬೇರೆ ಜಾಗ ತೋರಿಸಿದರು. ಸಾಲಿಯ ಪಕ್ಕದ ಸರಕಾರಿ ಜಾಗ, ಬಸ್ಸಿನ ದಾರಿಗೆ ಹತ್ತಿರ, ಯಾವ ಓಣಿಯವರೂ ಯಾರ ಮನೆ ಮುಂದೆಯೂ ತಲೆ ತಗ್ಗಿಸಿ ಹೋಗಬೇಕಾಗಿಲ್ಲ. ಬಾಗಿಲು ಸಾಲಿ ಕಡೆಗೇ ಇರಲಿ ಎಂದರು. ಒಳಗೆ ಒಂದೇ ನೀರಿನ ನಳ, ಒಂದೇ ಲೋಟ ಎಂದು ಬರೆದರು. ಲೋಟದ ಚಿತ್ರ ಕಟ್ಟಡಕ್ಕಿಂತ ದೊಡ್ಡದಾಗಿತ್ತು.

ಸುಣ್ಣದ ನಕ್ಷೆ ಮಳೆಗೆ ಹೋಗುತ್ತದೆ ಎಂದು ಹಾಳೆಯ ಮೇಲೆ ಇಳಿಸಿ, ಹೆಜ್ಜೆಯ ಪಟ್ಟಿ ಜೋಡಿಸಿ, ಹುಡುಗರ ಸಹಿ ಹಾಕಿಸಿ ಪಂಚಾಯ್ತಿಗೆ ಕೊಟ್ಟೆವು. ಮೊದಲು ತಗೊಳ್ಳಲಿಲ್ಲ. "ಹುಡುಗರ ಸಹಿ ನಡಿಯೂದಿಲ್ಲ" ಎಂದರು. ಮಕ್ಕಳ ಗ್ರಾಮಸಭೆಯ ಆದೇಶದ ಪ್ರತಿ ಮುಂದಿಟ್ಟ ಮೇಲೆ ಸ್ವೀಕೃತಿಯ ಮುದ್ರೆ ಬಿತ್ತು. ದಾನಿಗಳ ಹೊಲದ ಮಾತು ಇನ್ನೂ ನಿಂತಿಲ್ಲ. ಊರ ಓಣಿಯ ಇಬ್ಬರು ಹುಡುಗರ ಮನೆಯಲ್ಲಿ ಗದ್ದಲವಾಗಿ, ಸಹಿ ಹೊಡೆದು ಹಾಕಿಸಲು ಅವರ ತಂದೆಯರು ಪಂಚಾಯ್ತಿಗೆ ಹೋಗಿದ್ದರು. ಹುಡುಗರು ಹೋಗಲಿಲ್ಲ. ಮುಂದಿನ ಮಕ್ಕಳ ಗ್ರಾಮಸಭೆಗೆ ಎರಡನೇ ಪ್ರತಿ ತಯಾರಾಗುತ್ತಿದೆ, ಈ ಸಲ ರಾತ್ರಿ ಹೊತ್ತಿನ ದಾರಿಯ ಹೆಜ್ಜೆಯನ್ನೂ ಎಣಿಸುತ್ತಿದ್ದಾರೆ.